ಜಾಲರಿ ಮೇಡಂ

ನೀರು ಇಳಿಯುವ ಬದಲು ಏರಿತು. ಫ್ಲಶ್ ಒತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಅವಳು ಕಮೋಡಿನೊಳಗೆ ಬಗ್ಗಿ ನೋಡಿದಳು. ಏರುತ್ತ ಏರುತ್ತ ಅಂಚಿನಿಂದ ಎರಡು ಬೆರಳು ಕೆಳಗೆ ಬಂದು ನಿಂತ ನೀರು, ಮುಂದೇನು ಮಾಡಲಿ ಎಂದು ಯೋಚಿಸುವ ಹಾಗೆ ಒಂದೇ ಒಂದು ಗುಳ್ಳೆ ಬಿಟ್ಟಿತು. "ಬೇಡ. ಹೇಳ್ತಿದೀನಿ, ಬೇಡ," ಎಂದಳು. ಅದು ಅವಳ ವಾರ್ಡನ್ ಧ್ವನಿ. ಹುಡುಗಿಯರ ಹಾಸ್ಟೆಲಿನಲ್ಲಿ ತಲೆ ನರೆಯುವವರೆಗೆ ದುಡಿದವಳು. ಈ ಧ್ವನಿ ಕೇಳಿದರೆ ಕಾಂಪೌಂಡ್ ಗೋಡೆಯ ಮೇಲೆ ಕಾಲು ಹಾಕಿದ ಹುಡುಗಿ ಕಾಲು ಇಳಿಸಿ, ತಾನೇ ಬಂದು ತಪ್ಪಾಯ್ತು ಎನ್ನುತ್ತಿದ್ದಳು. ನೀರಿಗೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಸ್ನಾನ ಮಾಡುವ ಮೂಲೆಯಲ್ಲಿ ನೆಲದ ಜಾಲರಿ ಗೊಳಗೊಳ ಅಂದು, ಅಲ್ಲಿಂದಲೂ ಕಪ್ಪು ನೀರು ಮೆಲ್ಲಗೆ ತಲೆಯೆತ್ತಿತು. ಒಂದು ಕಡೆ ಕಟ್ಟಿದರೆ ಆ ಒಂದರ ತೊಂದರೆ. ಎರಡು ಕಡೆ ಒಟ್ಟಿಗೆ ಉಕ್ಕಿದರೆ ಮುಂದೆ, ಎಲ್ಲ ಪೈಪೂ ಸೇರುವ ಜಾಗದಲ್ಲೇ ಏನೋ ಕೂತಿದೆ ಎಂದು ಅರ್ಥ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿಗೆಲ್ಲ ಹೇಳಿಕೊಡುತ್ತಿದ್ದವಳೇ ಅವಳು. ಅಲ್ಲಿ ಏನು ಕೂತಿದೆ ಎಂಬುದೂ ಅವಳಿಗೆ ಗೊತ್ತಿತ್ತು.

ಕೂದಲು. ಅವಳದೇ ಕೂದಲು. ದಿನಾ ಬಾತ್‌ರೂಮಿನ ಜಾಲರಿ ಬಗ್ಗಿ ನೋಡುತ್ತಿದ್ದ ಅವಳಿಗೆ ಹಾಸ್ಟೆಲಿನ ಹುಡುಗಿಯರು ಇಟ್ಟ ಹೆಸರು ಜಾಲರಿ ಮೇಡಂ. ಇದು ಅವಳಿಗೆ ಗೊತ್ತಿಲ್ಲ ಎಂದು ಪಾಪ ಅವರು ತಿಳಿದಿದ್ದರು. ಪ್ರತಿ ವರ್ಷ ಹೊಸಬರು ಬಂದ ಮೊದಲ ದಿನ ಎಲ್ಲರನ್ನೂ ಊಟದ ಹಾಲಿನಲ್ಲಿ ಕೂರಿಸಿ, ಪೈಪುಗಳೆಲ್ಲ ಸೇರುವ ಚೇಂಬರಿನ ಗುಂಡಿಯಿಂದ ತೆಗೆಸಿಟ್ಟ ಕೂದಲಿನ ಉಂಡೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದಳು. "ಇದು ಯಾರದು?" ಯಾರೂ ಉಸಿರೆತ್ತುತ್ತಿರಲಿಲ್ಲ. "ಯಾರದೂ ಅಲ್ಲ. ಯಾವಾಗ್ಲೂ ಯಾರದೂ ಅಲ್ಲ. ಕೂದಲು ಕರಗಲ್ಲ, ತಿಳೀತಾ? ನೀವು ಡಿಗ್ರಿ ತಗೊಂಡು ಮನೆಗೆ ಹೋದ್ಮೇಲೂ ಇದು ಇಲ್ಲೇ ಕೂತಿರುತ್ತೆ. ಇದಕ್ಕೆ ಜಿಡ್ಡು ಅಂಟುತ್ತೆ, ಜಿಡ್ಡಿಗೆ ಸೋಪು, ಸೋಪಿಗೆ ಬಟ್ಟೆ ದಾರ. ಬಾಚಿದ್ದು ಕಸದ ಬುಟ್ಟಿಗೆ. ಪ್ಯಾಡು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ. ತಟ್ಟೆಯ ಎಣ್ಣೆ ಒರೆಸಿ ಕಸದ ಬುಟ್ಟಿಗೆ. ಕಮೋಡು ಕಸದ ಬುಟ್ಟಿ ಅಲ್ಲ." ಇಷ್ಟನ್ನು ಒಂದು ತಲೆಮಾರಿನ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದವಳು, ಮದುವೆಯಾಗಿ ಈ ಮನೆಗೆ ಬಂದಂದಿನಿಂದ ದಿನಾ ಬೆಳಿಗ್ಗೆ ತಲೆ ಬಾಚಿ, ಬಾಚಣಿಗೆಯಿಂದ ಬಿಡಿಸಿದ ಕೂದಲನ್ನು ಬೆರಳಿಗೆ ಸುತ್ತಿ, ಬಾಗಿಲ ಕಡೆ ಒಮ್ಮೆ ಕಳ್ಳನೋಟ ಬೀರಿ, ಸೀದಾ ಕಮೋಡಿಗೆ ಹಾಕುತ್ತಿದ್ದಳು. ಕಾರಣ ಹೇಳಿದರೆ ಯಾರಾದರೂ ನಕ್ಕಾರು. ಕಸದ ಬುಟ್ಟಿ ಅತ್ತೆಯ ಕಣ್ಣಿಗೆ ಬೀಳುತ್ತದೆ. ಐವತ್ತು ದಾಟಿದ ಮದುಮಗಳ ತಲೆಯಿಂದ ದಿನಕ್ಕೆ ಎಷ್ಟು ಉದುರುತ್ತದೆ, ಉದುರಿದ್ದರಲ್ಲಿ ಬಿಳಿ ಎಷ್ಟು ಎಂಬುದು ಅತ್ತೆಗೆ ತಿಳಿಯಬಾರದು. ಹಾಸ್ಟೆಲಿನಲ್ಲಿ ಕಲ್ಲಿನ ಹಾಗೆ ಬಿಗಿದು ಗಂಟು ಹಾಕಿಕೊಂಡಿದ್ದ ಜಡೆಯನ್ನು ಅವಳು ಬಿಚ್ಚಿದ್ದೇ ಈ ಮನೆಯಲ್ಲಿ. ಕನ್ನಡಕದ ಅಂಗಡಿ ಇಟ್ಟಿರುವ ಗಂಡ ಆವತ್ತು ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಇಷ್ಟುದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದಿದ್ದ. ಆ ಒಂದು ಮಾತಿಗೆ ಕರಗಿಹೋಗಿದ್ದಳು. ಕೂದಲು ಕರಗಿರಲಿಲ್ಲ, ಅಷ್ಟೆ.

ಅವನ ಮೊದಲ ಹೆಂಡತಿ ತೀರಿಕೊಂಡು ಬಹಳ ಕಾಲವಾದ ಮೇಲೆ, ತಾಯಿಯೇ ಬೆನ್ನು ಬಿದ್ದು ಮಾಡಿಸಿದ ಮದುವೆ ಅದು. ಹೊಸತರಲ್ಲಿ ಅತ್ತೆ ಬಾಯಿತುಂಬ ನಗುತ್ತಿದ್ದರು, ಬಾಯಿತುಂಬ ಮಾತಾಡುತ್ತಿದ್ದರು. ಆ ವಯಸ್ಸಿನಲ್ಲೂ ಜೋಡಿಸಿಟ್ಟ ಹಾಗೆ ಬೆಳ್ಳನೆಯ ಸಾಲು ಹಲ್ಲು. ಅದನ್ನು ನೋಡಿ ಅವಳು ತನ್ನ ಮುಂದಿನ ಸಂದುಹಲ್ಲು ಕಾಣದಂತೆ ತುಟಿ ಮುಚ್ಚಿ ನಗುವುದನ್ನು ಅಭ್ಯಾಸ ಮಾಡಿಕೊಂಡಳು. ಈಗ ಕೆಲವು ದಿನದಿಂದ ಅತ್ತೆಯ ಬಾಯಿಗೆ ಬೀಗ ಬಿದ್ದಿತ್ತು. ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕೂರುತ್ತಾರೆ. ಏನು ಕೇಳಿದರೂ ಹೂಂ, ಇಲ್ಲವೇ ಊಹೂಂ. ಅವಳು ಮಾಡಿದ ಅಡಿಗೆ ಮುಟ್ಟುವುದಿಲ್ಲ. ಬ್ರೆಡ್ಡು ಹಾಲು ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ತಿನ್ನುತ್ತಾರೆ. ಬಾಯಿಹುಣ್ಣಂತೆ ಎಂದು ಗಂಡ ಹೇಳಿದ. ಅಂಗಡಿಗೆ ಬಂದವರ ಕಣ್ಣು ಪರೀಕ್ಷೆ ಮಾಡುವವನಿಗೆ ಮನೆಯವರ ಕಣ್ಣು ಓದಲು ಬರುವುದಿಲ್ಲ. ಬಾಯಿಹುಣ್ಣಾದವರು ಸೊಸೆಯ ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಸರಕ್ಕನೆ ಗೋಡೆ ಕಡೆ ತಿರುಗುತ್ತಾರೆಯೇ? ಮೊನ್ನೆ ತರಕಾರಿ ತರಲು ಹೋಗಿ ಬಂದರೆ ಮಂಚದ ಕೆಳಗಿದ್ದ ಅವಳ ಸೂಟ್‌ಕೇಸು ಕೋಣೆಯ ನಡುವೆ ಇತ್ತು. ಅದರ ಬೆಲ್ಟು ಅವಳು ಹಾಕಿದ ತೂತಿನಲ್ಲಿರಲಿಲ್ಲ. ಬಾಗಿಲಲ್ಲಿ ಶಾಲಿನೊಳಗೆ ಮುಖ ಮುಚ್ಚಿಕೊಂಡು ನಿಂತಿದ್ದ ಅತ್ತೆ ಒಂದು ಮಾತೂ ಆಡದೆ ಹೊರಟುಹೋದರು. ಇನ್ನು ಬಾಯಿ ಬಿಟ್ಟು ಬೇರೆ ಹೇಳಬೇಕೇ? ಪೆಟ್ಟಿಗೆ ಎಳೆದಿಟ್ಟಿದ್ದಾರೆ, ತುಂಬಿಕೊಂಡು ಹೊರಡು ಎಂದು ಅರ್ಥ. ಹಾಗೆ ನೋಡಿದರೆ, ಬಾಯಿ ಚೆನ್ನಾಗಿದ್ದ ದಿನಗಳಲ್ಲೂ ಅತ್ತೆ ಪಕ್ಕದ ಮನೆಯಾಕೆಯ ಹತ್ತಿರ ಅವಳ ಬಗ್ಗೆ ಮಾತು ಬಂದಾಗ "ಇವನ ಹೆಂಡ್ತಿ" ಎನ್ನುತ್ತಿದ್ದರೇ ಹೊರತು ಒಂದು ಸಲವಾದರೂ "ನಮ್ಮ ಸೊಸೆ" ಎಂದವರಲ್ಲ. ಅವಳು ಗೋಡೆಯ ಈಚೆ ಬಟ್ಟೆ ಹಿಂಡುತ್ತ ಇದನ್ನೆಲ್ಲ ಕೇಳಿಸಿಕೊಂಡವಳು.

ತಾನು ಮಾಡಿದ ತಪ್ಪಾದರೂ ಏನು ಎಂದು ತಲೆ ಕೆಡಿಸಿಕೊಂಡಳು. ಇದ್ದರೆ ಒಂದೇ: ಅವಳ ಕೈ ಸುಮ್ಮನಿರುವುದಿಲ್ಲ. ಯಾವುದೋ ಒಂದು ವರ್ಷ ಹಾಸ್ಟೆಲಿನಲ್ಲಿ ಸೊಳ್ಳೆ ಹೆಚ್ಚಿ ಅರ್ಧಕ್ಕರ್ಧ ಹುಡುಗಿಯರು ಜ್ವರ ಬಂದು ಮಲಗಿದ್ದರು. ಅಲ್ಲಿಂದಾಚೆ ನಿಂತ ನೀರು ಕಂಡರೆ ಅವಳ ಕೈ ತಾನಾಗಿಯೇ ಹೋಗಿ ಚೆಲ್ಲಿಬಿಡುತ್ತದೆ. ಈ ಮನೆಗೆ ಬಂದ ಮೇಲೂ ಅಷ್ಟೆ, ಹೂಕುಂಡದ ಕೆಳಗಿನ ತಟ್ಟೆ, ಬಕೆಟ್ಟಿನ ತಳ, ಕಿಟಕಿಯ ಮೇಲಿನ ಮಗ್ಗು, ಎಲ್ಲ ಬೋರಲು. ಒಂದು ದಿನ ಗಂಡ ಕುಡಿಯಲೆಂದು ಪಕ್ಕದಲ್ಲಿಟ್ಟುಕೊಂಡ ಲೋಟವನ್ನೂ ಚೆಲ್ಲಿದ್ದಳು. "ನಾನಿನ್ನೂ ಕುಡಿದಿರ್ಲಿಲ್ಲ," ಎಂದು ಅವನು ಮೆಲ್ಲಗೆ ಹೇಳಿ, ತಾನೇ ಎದ್ದು ಹೋಗಿ ಇನ್ನೊಂದು ಲೋಟ ತಂದುಕೊಂಡಿದ್ದ. ತಮ್ಮ ಮನೆಯಲ್ಲಿ ಹೀಗೆ ಮೂಲೆಮೂಲೆ ಕೆದಕಿದರೆ ಯಾವ ಅತ್ತೆಗೆ ಸೇರೀತು? ಅದರ ಮೇಲೆ ಹಾಸ್ಟೆಲ್ ಕಮಿಟಿಯ ಕಾರ್ಯದರ್ಶಿ ಫೋನ್ ಮಾಡಿದ್ದರು. ಹೊಸ ವಾರ್ಡನ್ ಅತ್ತುಕೊಂಡು ಕೆಲಸ ಬಿಟ್ಟು ಹೋದಳಂತೆ. "ನಿಮ್ಮ ರೂಮು ಹಾಗೇ ಇದೆ ಮೇಡಂ. ಯೋಚನೆ ಮಾಡಿ. ಶುಕ್ರವಾರ ಸಂಜೆ ಫೋನ್ ಮಾಡ್ತೀನಿ. ಬರ್ತೀನಿ ಅಂದ್ರೆ ನಮ್ಮ ಪುಣ್ಯ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ." ಇವತ್ತೇ ಶುಕ್ರವಾರ. ಗಂಡನಿಗೆ ಅವಳು ಇದನ್ನು ಹೇಳಿರಲಿಲ್ಲ. ಸಂಜೆಯೊಳಗೆ ಅತ್ತೆ ಬಾಯಿಬಿಟ್ಟು ಒಂದು ಮಾತಾಡಿದರೆ ಇಲ್ಲಿ, ಆಡದಿದ್ದರೆ ಅಲ್ಲಿ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು. ಎಳೆದ ಗೆರೆಯ ಮೇಲೆ ಈಗ ಕಪ್ಪು ನೀರು ಹರಿಯುತ್ತಿತ್ತು.

ಚಿಲಕ ಹಾಕಿಕೊಂಡು ಅವಳು ಯುದ್ಧಕ್ಕಿಳಿದಳು. ನೆಲದ ಜಾಲರಿಗೆ ಒದ್ದೆ ಬಟ್ಟೆ ಅದುಮಿ, ಅದರ ಮೇಲೆ ಒಂದು ಕಾಲಿಟ್ಟು ನಿಂತಳು. ಇಲ್ಲದಿದ್ದರೆ ಒತ್ತಡವೆಲ್ಲ ಅಲ್ಲಿಂದ ಹೊರಗೆ ಹೋಗಿಬಿಡುತ್ತದೆ. ಕೈಯಲ್ಲಿ ರಬ್ಬರ್ ಪಂಪು. ಒತ್ತು, ಎಳೆ. ಒತ್ತು, ಎಳೆ. ಕಮೋಡು ಏದುಸಿರು ಬಿಟ್ಟಿತು, ಅವಳೂ ಬಿಟ್ಟಳು. ಜಡೆ ಬಿಚ್ಚಿ ಮುಖದ ಮೇಲೆ ಬಿತ್ತು. ಎಲ್ಲ ಇದರಿಂದಲೇ ಎಂದು ಅದನ್ನು ರಪ್ಪನೆ ಹಿಂದಕ್ಕೆ ಎಸೆದಳು. ಹೊರಗಿನಿಂದ ಗಂಡ ಎರಡು ಬೆರಳಲ್ಲಿ ಬಾಗಿಲು ತಟ್ಟಿದ. ಮದುವೆಯಾಗಿ ಇಷ್ಟು ದಿನವಾದರೂ ಅವನಿಗೆ ಹೆಂಡತಿಯನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ತೀರ್ಮಾನವಾಗಿರಲಿಲ್ಲ. "ಒಳಗೆ ಏನ್ ಮಾಡ್ತಿದ್ದೀರಿ... ಮಾಡ್ತಿದ್ದೀಯಾ?" "ಏನಿಲ್ಲರೀ. ತೊಳೀತಿದೀನಿ." "ಅಡಿಗೆಮನೆ ಸಿಂಕಲ್ಲೂ ನೀರು ನಿಂತಿದೆ. ನಾನು ಪ್ಲಂಬರ್‌ಗೆ ಫೋನ್ ಮಾಡ್ದೆ." ಅವಳ ಕೈಯಿಂದ ಪಂಪು ಜಾರಿತು. ಅಲ್ಲಿಗೆ ಎಲ್ಲ ಮುಗಿಯಿತು. ಪ್ಲಂಬರ್ ಬರುತ್ತಾನೆ, ಅಂಗಳದ ಚೇಂಬರ್ ತೆಗೆಯುತ್ತಾನೆ, ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಾನೆ. ಇದು ಯಾರದು? ಒಬ್ಬ ಬೋಳುತಲೆಯ ಗಂಡ, ಕೂದಲನ್ನು ಬೆರಳುದ್ದ ಕತ್ತರಿಸಿಕೊಂಡ ಅತ್ತೆ, ಮತ್ತೆ ಅವಳು. ಈ ಪ್ರಶ್ನೆಗೆ ಉತ್ತರ ಹೇಳಲು ಪತ್ತೇದಾರನೇನೂ ಬೇಕಾಗಿರಲಿಲ್ಲ.

ಪ್ಲಂಬರಿನ ಹೊಟ್ಟೆ ಅವನಿಗಿಂತ ಮುಂದೆ ಬಂತು. ಮಾತು ಹೊಟ್ಟೆಗಿಂತ ಮುಂದೆ. ಗೇಟು ದಾಟುವಾಗಲೇ "ಎಣ್ಣೆ!" ಎಂದ. "ನೋಡೋದೇ ಬೇಡ ಸಾರ್, ಎಣ್ಣೆ. ಅಡಿಗೆಮನೇಲಿ ಬಿಸಿಯಾಗಿ ಸುರೀತಾರೆ, ಪೈಪಲ್ಲಿ ಹೋಗಿ ಮೇಣ ಆಗುತ್ತೆ. ಯಾರಮ್ಮಾ ಸುರಿಯೋದು, ನೀವಾ?" ನಾನು ಒರೆಸಿ ಕಸಕ್ಕೆ ಹಾಕ್ತೀನಿ ಎಂದಳು ಅವಳು, ಅಭ್ಯಾಸಬಲದಿಂದ, ಸ್ವಲ್ಪ ಜಂಬದಿಂದಲೇ, ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಎಣ್ಣೆಯನ್ನು ಒಪ್ಪಿಕೊಂಡಿದ್ದರೆ ಒಂದು ದಾರಿಯಾದರೂ ಇರುತ್ತಿತ್ತು. ಅವನು ಅಂಗಳದ ಮರದ ಕಡೆ ತಿರುಗಿ, "ಹಂಗಾದ್ರೆ ಬೇರು. ನೂರಕ್ಕೆ ನೂರು ಬೇರು. ಸಂದಿ ಸಿಕ್ಕಿದ್ರೆ ಕೂದಲಷ್ಟು ಸಣ್ಣಗೆ ನುಗ್ಗುತ್ತೆ," ಎಂದ. ಕೂದಲು ಎಂಬ ಮಾತು ಕೇಳಿ ಅವಳ ಕಿವಿ ಬಿಸಿಯಾಯಿತು. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ತಲೆ ಮೂಡಿತು. "ಏನಾಯ್ತು, ಏನಾದ್ರೂ ಸಿಕ್ತಾ?" "ಇನ್ನೂ ಮುಚ್ಚಳಾನೇ ತೆಗೆದಿಲ್ಲಮ್ಮಾ," ಎಂದು ಗಂಡ ವಿನಯದಿಂದ ಹೇಳಿದ, ಸ್ವಲ್ಪ ತಾಳಿ, ಸಿಕ್ಕರೆ ನಿಮಗೂ ಕೊಡುತ್ತೇವೆ ಎನ್ನುವ ಹಾಗೆ. ಪ್ಲಂಬರಿಗೆ ಜನ ಸೇರಿದಷ್ಟೂ ಹುರುಪು. "ಸಿಕ್ಕೇ ಸಿಗುತ್ತೆ! ಒಂದ್ಮನೇಲಿ ಚಮಚ ಸಿಕ್ತು. ಇನ್ನೊಂದ್ಮನೇಲಿ ಇಸ್ಪೀಟು, ಪೂರಾ ಕಟ್ಟು, ಜೋಕರ್ ಸಮೇತ. ಹೆಂಡ್ತಿ ಹಾಕಿದ್ದು. ಆಯಪ್ಪ ಅಲ್ಲೇ ನಿಂತು ಎಲೆ ಎಣಿಸ್ಕೊಂಡ." ಗಂಡ ನಕ್ಕ. ಅವಳಿಗೆ ಆ ಹೆಂಡತಿಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಬಂತು. ಪೈಪು ಎಲ್ಲವನ್ನೂ ನುಂಗಿಕೊಳ್ಳುತ್ತದೆ ಎಂದು ನಂಬಿ ಎಲ್ಲರೂ ಅದಕ್ಕೆ ಗುಟ್ಟು ಒಪ್ಪಿಸುತ್ತಾರೆ. ಅದು ಮಾತ್ರ ಬಾಯಿಬಡುಕ.

ಮುಚ್ಚಳ ಎತ್ತಿದಾಗ ಚೇಂಬರು ತುಂಬಿ ತುಳುಕುತ್ತಿತ್ತು. ಖಾಲಿ ಇದ್ದರೆ ಮನೆಯ ಕಡೆ ಕಟ್ಟಿದೆ, ತುಂಬಿದ್ದರೆ ರಸ್ತೆಯ ಕಡೆ. ಹಾಸ್ಟೆಲಿನಲ್ಲಿ ಇದನ್ನು ಗೋಡೆಯ ಮೇಲೆ ಬರೆಸಿದ್ದಳು. ಪ್ಲಂಬರ್ ಸುರುಳಿ ಸುತ್ತಿದ ಉದ್ದನೆಯ ಸ್ಪ್ರಿಂಗನ್ನು ಹೊರಗೆ ಹೋಗುವ ಪೈಪಿನ ಬಾಯಿಗೆ ತೂರಿಸಿ ಹಿಡಿಕೆ ತಿರುಗಿಸತೊಡಗಿದ. ಅತ್ತೆ ಕೋಣೆಯಿಂದ ಎದ್ದು ಬಂದು ಮೆಟ್ಟಿಲ ಮೇಲೆ, ಶಾಲಿನ ಹಿಂದೆ, ಕಣ್ಣು ಮಾತ್ರ ಕಾಣುವಂತೆ ನಿಂತರು. ಬರಲೇಬೇಕಿತ್ತೆ? ಬಿಸಿಲಿಗೆ ಬರುವುದಿಲ್ಲ, ಗಾಳಿಗೆ ಬರುವುದಿಲ್ಲ, ಸೊಸೆಯ ಮಾನ ಹರಾಜಿಗೆ ಬಿದ್ದಾಗ ಮಾತ್ರ ಮುಂದಿನ ಸಾಲಿನಲ್ಲಿ ಹಾಜರ್! ಹೀಗೆ ಅಂದುಕೊಂಡ ಮರುಕ್ಷಣವೇ ಅವಳಿಗೆ ನಾಚಿಕೆಯಾಯಿತು, ಯಾಕೆಂದರೆ ಬಿಸಿಲಿನಲ್ಲಿ ನೋಡಿದರೆ ಅತ್ತೆ ಇಷ್ಟು ದಿನದಲ್ಲೇ ಇಳಿದುಹೋಗಿದ್ದರು, ಕೆನ್ನೆ ಒಳಗೆ ಸೇರಿತ್ತು, ಬ್ರೆಡ್ಡು ಹಾಲಿನಲ್ಲಿ ಎಷ್ಟು ದಿನ ಬದುಕುತ್ತಾರೆ, ಅವರಿಗೆ ಇಷ್ಟು ಬೇಡವಾಗಿದ್ದರೆ ತಾನು ಹೋಗಿಬಿಡುವುದೇ ಸರಿ. ಸೂಟ್‌ಕೇಸು ಹೇಗೂ ಹೊರಗೇ ಇದೆ. "ಸಿಕ್ತು!" ಎಂದ ಪ್ಲಂಬರ್. ಸ್ಪ್ರಿಂಗು ಏನಕ್ಕೋ ತಗುಲಿ ನಿಂತಿತ್ತು. "ಬಾಯಲ್ಲೇ ಕೂತಿದೆ ಸಾರ್, ಗಟ್ಟಿ ಇದೆ. ಏನ್ ಮಾಡ್ಲಿ, ತಳ್ಳಲಾ, ಎಳೀಲಾ?"

ಗಂಡ ಅವಳ ಮುಖ ನೋಡಿದ. ಇಂಥ ವಿಷಯದಲ್ಲಿ ಈ ಮನೆಯಲ್ಲಿ ಅವಳ ಮಾತೇ ಕೊನೆಯದು. ಅಷ್ಟು ಗೌರವ ಅವನಿಗಿತ್ತು. ತಳ್ಳಿ ಎಂದರೆ ಸಾಕು. ರಸ್ತೆಯ ದೊಡ್ಡ ಪೈಪಿಗೆ ಹೋಗಿ ಬಿದ್ದು, ಊರಿನ ಕೂದಲಿನ ಜೊತೆ ಕೂದಲಾಗಿ, ಮಂಗಮಾಯ. ಯಾರದೂ ಅಲ್ಲ. ಯಾವಾಗಲೂ ಯಾರದೂ ಅಲ್ಲ. ಒಂದೇ ಒಂದು ಮಾತು ಸಾಕಿತ್ತು, ಅದು ನಾಲಗೆಯ ತುದಿಗೂ ಬಂದಿತ್ತು. ಆದರೆ ತಳ್ಳಿದ್ದು ಮುಂದಿನ ತಿರುವಿನಲ್ಲಿ ಮತ್ತೆ ಕೂರುತ್ತದೆ, ನಾಳೆಯಲ್ಲದಿದ್ದರೆ ನಾಡಿದ್ದು, ಇನ್ಯಾರದೋ ಮನೆಯ ನೆಲದಲ್ಲಿ ಗೊಳಗೊಳ ಎನ್ನುತ್ತದೆ. ಎಷ್ಟು ವರ್ಷ ಇದನ್ನೇ ಊದಿದ್ದಳು! "ತಳ್ಳೋದು ಸೋಮಾರಿಗಳ ಕೆಲಸ, ಎಳೆಯೋದು ಕೆಲಸ ಗೊತ್ತಿರೋರ ಕೆಲಸ." ಎದುರಿಗೆ ಬೆಂಚಿನಲ್ಲಿ ಆ ಹುಡುಗಿಯರೆಲ್ಲ ಸಾಲಾಗಿ ಕೂತು ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. "ಎಳೀರಿ," ಎಂದಳು. ಹಾಳು ನಾಲಗೆ.

ಪ್ಲಂಬರ್ ಕಾಲೂರಿ ಎಳೆದ. ಬಂತು, ನಿಂತಿತು, ಮತ್ತೆ ಬಂತು, ಕೊನೆಗೆ ಪೊಳಕ್ಕನೆ ಹೊರಬಂದು ಸ್ಪ್ರಿಂಗಿನ ತುದಿಯಲ್ಲಿ ಜೋಲಾಡಿತು. ಅದರ ಹಿಂದೆಯೇ ಚೇಂಬರಿನ ನೀರು ದಬದಬನೆ ಇಳಿಯತೊಡಗಿತು. ಆ ಸದ್ದಿಗೆ ಯಾರೂ ಖುಷಿಪಡಲಿಲ್ಲ, ಯಾಕೆಂದರೆ ಎಲ್ಲರೂ ತುದಿಯನ್ನೇ ನೋಡುತ್ತಿದ್ದರು. ಉದ್ದನೆಯ, ಕಪ್ಪು ಬಿಳಿ ಬೆರೆತ, ಜಿಡ್ಡು ಹಿಡಿದ ಒಂದು ಜಡೆ. ಆ ಜಡೆಯನ್ನು ಬಿಗಿಯಾಗಿ ಕಚ್ಚಿ ಹಿಡಿದುಕೊಂಡಿರುವ ಹಲ್ಲು. ಮೇಲಿನ ಸಾಲು, ಕೆಳಗಿನ ಸಾಲು, ಗುಲಾಬಿ ಬಣ್ಣದ ಒಸಡು ಸಮೇತ. ಇಡೀ ಒಂದು ನಗು ಪೈಪಿನೊಳಗಿಂದ ಎದ್ದು ಬಂದಿತ್ತು. ಪ್ಲಂಬರ್ ಅದನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿ, ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿ, ಅವಳು ಎದುರು ನೋಡುತ್ತಿದ್ದ ಪ್ರಶ್ನೆಯನ್ನೇ ಕೇಳಿದ.

"ಇದು ಯಾರದು?"

ಅಂಗಳದಲ್ಲಿ ಹಾಸ್ಟೆಲಿನ ಊಟದ ಹಾಲಿನ ಮೌನ. ಹಾಗಾದರೆ ಹುಡುಗಿಯರಿಗೆ ಹೀಗಾಗುತ್ತಿತ್ತೋ ಎಂದುಕೊಂಡಳು. ಒಬ್ಬಳಾದರೂ ಎದ್ದು ನಿಂತಿದ್ದರೆ ತಾನು ಅವಳನ್ನು ಏನು ಮಾಡುತ್ತಿದ್ದೆ? ಗೊತ್ತಿಲ್ಲ, ಅಂಥದ್ದು ಆಗಿಯೇ ಇರಲಿಲ್ಲ. "ಕೂದಲು ನಂದು," ಎಂದಳು. ಮಾತು ಪೂರಾ ಬಂತು.

ಮೆಟ್ಟಿಲ ಮೇಲಿನಿಂದ ಇನ್ನೊಂದು ಧ್ವನಿ, ಗಾಳಿ ಸೋರುವ ಧ್ವನಿ, ಹೇಳಿತು: "ಹಲ್ಲು ನಂದು."

ಶಾಲು ಜಾರಿತ್ತು. ಅತ್ತೆಯ ಬಾಯಿ ಕೂಸಿನ ಬಾಯಿಯ ಹಾಗೆ ಬೊಚ್ಚಾಗಿ, ಪುಟ್ಟದಾಗಿ, ಒಳಗೆ ಮಡಿಚಿಕೊಂಡಿತ್ತು. ಅವಳು ಇಷ್ಟು ದಿನ ಯಾವ ಸಾಲುಹಲ್ಲಿಗೆ ಹೆದರಿ ತುಟಿ ಮುಚ್ಚಿ ನಗುತ್ತಿದ್ದಳೋ ಅದು ಈಗ ಪ್ಲಂಬರಿನ ಕೋಲಿನ ಮೇಲೆ ಬಿಸಿಲು ಕಾಯುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. "ಕಟ್ಟಿಸಿದ ಹಲ್ಲು. ನಿಂಗೆ ಹೇಳ್ಬೇಡ ಅಂತ ಇವನಿಗೆ ಆಣೆ ಹಾಕಿದ್ದೆ. ಮೊದಲು ಹಾಸಿಗೆ ಪಕ್ಕಾನೇ ಲೋಟದಲ್ಲಿ ಇಡ್ತಿದ್ದೆ. ನೀನು ಬಂದ್ಮೇಲೆ ನಾಚಿಕೆ ಆಯ್ತು. ಬಾತ್‌ರೂಮಿನ ಕಿಟಕಿ ಮೇಲೆ, ಮಗ್ಗಲ್ಲಿ ನೀರು ಹಾಕಿ ಮುಳುಗಿಸಿಡೋಕೆ ಶುರು ಮಾಡ್ದೆ. ಒಂದಿನ ಬೆಳಿಗ್ಗೆ ನೋಡಿದ್ರೆ ಮಗ್ಗಿದೆ, ಹಲ್ಲಿಲ್ಲ. ಹುಡುಕದ ಜಾಗ ಇಲ್ಲ. ಅಕ್ಕಿ ಡಬ್ಬ ನೋಡ್ದೆ, ಚಪ್ಪಲಿ ಸ್ಟ್ಯಾಂಡ್ ನೋಡ್ದೆ, ನಿನ್ನ ಸೂಟ್‌ಕೇಸೂ ಎಳೆದು ನೋಡ್ದೆ. ಎಲ್ಲೋ ಇಟ್ಟು ಮರೆತಿದೀನಿ. ಈಗ ನೋಡಿದ್ರೆ ಕಮೋಡಿಗೆ ಹಾಕಿದೀನಿ, ನೆನಪೇ ಇಲ್ಲ." ಮಗನ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು: "ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಮೊದಲು ಬೀಗದಕೈ ಮರೆತ್ಲು. ಆಮೇಲೆ ನಮ್ಮ ಹೆಸರು. ಆಮೇಲೆ ನಮ್ಮನ್ನೇ."

ಗಂಡ ಕನ್ನಡಕ ತೆಗೆದು ಒರೆಸಿದ. ತಾಯಿಯ ಪಕ್ಕ ಕೂತು, "ಡಾಕ್ಟರಿಗೆ ತೋರಿಸೋಣಮ್ಮ. ಈಗೆಲ್ಲ ಔಷಧಿ ಇದೆ," ಎಂದ. ಅತ್ತೆ ತಲೆಯಾಡಿಸಿದರು, ಎಲ್ಲದಕ್ಕೂ ಒಪ್ಪಿಕೊಂಡವರ ಹಾಗೆ. ಅವಳು ಮಾತ್ರ ಕೋಲಿನ ತುದಿಯನ್ನೇ ನೋಡುತ್ತ ನಿಂತಿದ್ದಳು. ಕಿಟಕಿಯ ಮೇಲೆ ಮಗ್ಗು. ಬಾತ್‌ರೂಮಿನ ಬಲ್ಬು ಹೋಗಿದ್ದ ದಿನ ಅದು. ಸೋಪಿನ ಡಬ್ಬದ ಹಿಂದೆ ಮಗ್ಗು; ತುದಿಗಾಲಲ್ಲಿ ನಿಂತು ತೆಗೆದರೆ ಭಾರ, ನಿಂತ ನೀರು. ಕೈ ತಾನಾಗಿಯೇ ಕಮೋಡಿನ ಕಡೆ ತಿರುಗಿ ಬಗ್ಗಿಸಿತ್ತು. ಟಕ್ ಅಂದಿತ್ತು. ಸೋಪಿನ ಚೂರಿರಬೇಕು ಎಂದುಕೊಂಡು ಫ್ಲಶ್ ಒತ್ತಿ, ಒಂದು ಮನೆಯನ್ನು ಸೊಳ್ಳೆಯಿಂದ ಕಾಪಾಡಿದ ತೃಪ್ತಿಯಲ್ಲಿ ಹೊರಗೆ ಬಂದಿದ್ದಳು. ಅಯ್ಯೋ ದೇವರೇ! ಅದು ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಕೂದಲಿನ ವಿಷಯವನ್ನು ಈ ಗದ್ದಲದಲ್ಲಿ ಯಾರೂ ಎತ್ತಲೇ ಇಲ್ಲ, ಇದೊಂದು ಬಾಯಿಬಿಡದಿದ್ದರೆ ಅವಳು ಪೂರಾ ಬಚಾವ್. ಮೆಟ್ಟಿಲ ಮೇಲೆ ಅತ್ತೆ ಮಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ನೀವಲ್ಲ ಅತ್ತೆ, ನಾನು."

"ಏನು ನೀನು?"

"ನಾನು ಸುರಿದಿದ್ದು. ಮಗ್ಗು. ನಿಂತ ನೀರು ಅಂತ ಸುರಿದೆ. ಕತ್ತಲಿತ್ತು, ಒಳಗೆ ನೋಡ್ಲಿಲ್ಲ. ಫ್ಲಶ್ಶೂ ಮಾಡ್ದೆ. ನಿಮ್ಮ ಹಲ್ಲನ್ನ ಕಮೋಡಿಗೆ ಹಾಕಿದ್ದು ನಾನೇ." ಹೇಳಿ ಮುಗಿಸಿ ಬೈಗುಳಕ್ಕೆ ತಲೆಬಗ್ಗಿಸಿ ನಿಂತಳು. ಮನಸ್ಸಿನಲ್ಲಿ ಸೂಟ್‌ಕೇಸಿಗೆ ಬಟ್ಟೆ ಮಡಿಚಿಡಲು ಶುರು ಮಾಡಿಯೂ ಆಗಿತ್ತು, ಮೊದಲು ದಪ್ಪದ್ದು, ಮೇಲೆ ತೆಳುವಾದದ್ದು.

ಅತ್ತೆ ಮೆಲ್ಲಗೆ ಎದ್ದರು. "ನೀನಾ?"

"ನಾನೇ."

"ನಾನಲ್ವಾ?"

"ನೀವು ಇಟ್ಟ ಕಡೆಯೇ ಇಟ್ಟಿದ್ರಿ ಅತ್ತೆ. ದಿನಾ ಇಡೋ ಕಡೆ."

"ಇನ್ನೊಂದ್ಸಲ ಹೇಳು!"

ಹೇಳಿದಳು. ಟಕ್ ಎಂದದ್ದನ್ನೂ ಸೇರಿಸಿ ಹೇಳಿದಳು. ಟಕ್ ಕೇಳಿದ ಕೂಡಲೇ ಅತ್ತೆ ಮಗನ ಬೆನ್ನಿಗೆ ಪಟೀರನೆ ಒಂದು ಏಟು ಕೊಟ್ಟರು. "ಕೇಳಿದ್ಯೇನೋ! ಡಾಕ್ಟರಂತೆ, ಔಷಧಿಯಂತೆ! ನನ್ನ ತಲೆ ಗಡಿಯಾರದ ಹಾಗಿದೆ ಕಣೋ!" ಆಮೇಲೆ ನಕ್ಕರು. ಮುಚ್ಚಿಕೊಳ್ಳದೆ, ಬೊಚ್ಚುಬಾಯಿ ಪೂರಾ ತೆರೆದು, ಕಣ್ಣಲ್ಲಿ ನೀರು ಬರುವವರೆಗೆ, ಪ್ಲಂಬರಿನ ಮುಂದೆ, ಮಗನ ಮುಂದೆ, ಗೋಡೆಯಾಚೆಯ ತಲೆಯ ಮುಂದೆ ನಕ್ಕರು. ಆ ತಲೆಯ ಕಡೆ ತಿರುಗಿ, ಮೊಮ್ಮಗ ಹುಟ್ಟಿದ ಸುದ್ದಿ ಹೇಳುವವರ ಹಾಗೆ ಕೂಗಿದರು: "ಕೇಳಿಸ್ತೇನ್ರೀ? ನಮ್ಮ ಸೊಸೆ! ನಮ್ಮ ಸೊಸೆ ನನ್ನ ಹಲ್ಲನ್ನ ಪಾಯಿಖಾನೆಗೆ ಸುರಿದಿದ್ದಾಳೆ!"

ಅವಳಿಗೆ ಅಳು ಬಂತು, ನಗುವೂ ಬಂತು, ಎರಡಕ್ಕೂ ಒಂದೇ ಬಾಯಿ ಸಾಲದೆ ಸಂದುಹಲ್ಲು ಕಾಣುವಂತೆ ಅಲ್ಲೇ ನಿಂತಳು. ಪ್ಲಂಬರ್ ಕೋಲನ್ನು ಕೈಯಿಂದ ಕೈಗೆ ಬದಲಿಸಿ, ಇಸ್ಪೀಟಿಗಿಂತ ಇದೇ ಮೇಲು ಸಾರ್ ಎಂದು ಗಂಡನಿಗೆ ಒಪ್ಪಿಸಿದ. ಹೋಗುವಾಗ, ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ವಾರಕ್ಕೊಮ್ಮೆ ಬಿಸಿನೀರು ಬಿಡಿ ಎಂದು ಉಪದೇಶ ಶುರು ಮಾಡಿದ. ಅವಳು ಕುದಿಯೋ ನೀರು ಬೇಡ, ಪೈಪಿನ ಜಾಯಿಂಟು ಸಡಿಲವಾಗುತ್ತೆ ಎಂದು ತಿದ್ದಿದಳು. ಅವನು ತಿದ್ದಿಸಿಕೊಳ್ಳಲಿಲ್ಲ. ಗೇಟಿನ ಹತ್ತಿರ ಇಬ್ಬರೂ ಸುಮಾರು ಹೊತ್ತು ಜಗಳವಾಡಿದರು.

ಹಲ್ಲನ್ನು ಸೋಪು, ಡೆಟಾಲು, ಮತ್ತೆ ಸೋಪು ಎಂದು ತೊಳೆದದ್ದಾಯಿತು. ಬಾಯಿಗೆ ಇಡುವ ಮಾತೇ ಇಲ್ಲ ಎಂದರು ಅತ್ತೆ, ಥೂ, ಹೊಸದು ಮಾಡಿಸಿ. ಆದರೆ ಎಸೆಯಲೂ ಬಿಡಲಿಲ್ಲ. ಗಾಜಿನ ಲೋಟದಲ್ಲಿ ಹಾಕಿಸಿ ನಡುಮನೆಯ ಕಪಾಟಿನಲ್ಲಿ, ಮಗನಿಗೆ ಶಾಲೆಯಲ್ಲಿ ಬಂದ ಬಹುಮಾನದ ಕಪ್ಪಿನ ಪಕ್ಕ, ಎಲ್ಲರಿಗೂ ಕಾಣುವಂತೆ ಇಡಿಸಿದರು. ಇನ್ನು ಮೇಲೆ ಯಾರಾದರೂ ಮರೆವು ಗಿರೆವು ಎಂದರೆ ತೋರಿಸಲು ಬೇಕಂತೆ. ಸೂಟ್‌ಕೇಸನ್ನು ತಾವೇ ಕಾಲಲ್ಲಿ ನೂಕಿ ಮಂಚದ ಕೆಳಗೆ ಸೇರಿಸಿದರು. ಸಂಜೆ ಅಡಿಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು, "ನಾಳೆಯಿಂದ ಬಾಚಿದ್ದನ್ನ ಕಸದ ಬುಟ್ಟಿಗೆ ಹಾಕು. ನಾನೇನು ಎಣಿಸ್ತೀನಾ? ನನ್ನ ತಲೆ ನೋಡು, ಎಣಿಸಿದ್ರೆ ಬೆರಳು ಮಿಗುತ್ತೆ," ಎಂದರು. ಅವಳು ತರಕಾರಿಯನ್ನು ಮೆತ್ತಗೆ, ಇನ್ನೂ ಮೆತ್ತಗೆ ಬೇಯಿಸುತ್ತಿದ್ದಳು. ಒಂದು ಚಮಚ ತೆಗೆದು ಆರಿಸಿ ಕೊಟ್ಟಳು. ಅತ್ತೆ ಒಸಡಿನಲ್ಲೇ ಮೆದ್ದು, "ಇನ್ನೊಂಚೂರು ಬೇಯಲಿ. ಉಪ್ಪು ಸರಿಯಾಗಿದೆ," ಎಂದರು. ಇಷ್ಟು ದಿನ ಹೀಗೊಂದು ಮಾತಿಗೆ ಅವಳು ಜೀವ ಹಿಡಿದುಕೊಂಡು ಕಾದಿದ್ದಳು. ಬಂದಾಗ ಅದು ಉಪ್ಪಿನ ವಿಷಯವಾಗಿತ್ತು.

ಅಷ್ಟರಲ್ಲಿ ಫೋನ್ ಬಂತು. ಕಾರ್ಯದರ್ಶಿ. ಗಂಡ ಬಾಗಿಲಲ್ಲಿ ನಿಂತು, "ಯಾರದು? ನಿಂಗಾ?" ಎಂದ, ನೀವು ಎನ್ನಲು ಮರೆತೇಬಿಟ್ಟಿದ್ದ. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಪಾತ್ರೆಯಲ್ಲಿ ಸೌಟಾಡಿಸುತ್ತ, ಅವರು ಹೇಳುವುದನ್ನೆಲ್ಲ ಕೇಳಿದಳು. ರೂಮಿಗೆ ಬಣ್ಣ ಹೊಡೆಸಿದ್ದಾರಂತೆ. ಹುಡುಗಿಯರು ಅವಳನ್ನೇ ಕೇಳುತ್ತಾರಂತೆ. ಕಿಟಕಿಯ ಮೇಲೆ ಯಾರೋ ಇಟ್ಟುಹೋದ ಅರ್ಧ ಲೋಟ ನೀರು ಕಣ್ಣಿಗೆ ಬಿತ್ತು. ಕೈ ಅದರ ಕಡೆ ಹೊರಟಿತು. ತಡೆದು, ಮೊದಲು ಒಳಗೆ ಬಗ್ಗಿ ನೋಡಿದಳು.

"ಇಲ್ಲ ಸಾರ್," ಎಂದಳು. "ಬರೋಕಾಗಲ್ಲ. ನಮ್ಮತ್ತೆಗೆ ಇನ್ನೂ ಹಲ್ಲು ಬಂದಿಲ್ಲ."